ಎಂ.ಎಸ್. ವಿಶ್ವನಾಥನ್ ತಮ್ಮ ಹಾಡುಗಳನ್ನು ತಾವೇ ಯಾಕೆ ಹಾಡಲಿಲ್ಲ?

ಪ್ರಶ್ನೆ: "ಸೊಲ್ಲತ್ತಾನ್ ನಿನೈಕ್ಕಿರೇನ್" ಹಾಡಿನಲ್ಲಿ ಕೇಳುವ ಗಂಡು ದನಿ ಸಂಗೀತ ನಿರ್ದೇಶಕ ಎಂ.ಎಸ್.ವಿ. ಅವರದ್ದೇ ಅಂತ ಈಗ ಗೊತ್ತಾಯಿತು. ಇಂಥ ದನಿ ಇಟ್ಟುಕೊಂಡು ಉಳಿದ ಹಾಡುಗಳನ್ನೆಲ್ಲ ಬೇರೆಯವರಿಗೆ ಯಾಕೆ ಕೊಟ್ಟರು?

ಹಳೇ ತಮಿಳು ಹಾಡಿನ ರುಚಿ ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ನಾನೂ ಕೇಳಿದ್ದೆ. ನನಗೆ ಸಿಕ್ಕ ಉತ್ತರ ಇಷ್ಟು: ಅದು ನಾಯಕನ ತುಟಿಗೆ ಕೂರುವ ದನಿ ಅಲ್ಲ. ಆ ವಿಷಯ ಬೇರೆ ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.

ಕನ್ನಡದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 1974ರ "ಸಂಪತ್ತಿಗೆ ಸವಾಲ್" ಆದಮೇಲೆ ಅಣ್ಣಾವ್ರು ತಾವೇ ಹಾಡತೊಡಗಿದರು. ಅದಕ್ಕೂ ಮುಂಚೆ ವರ್ಷಗಟ್ಟಲೆ, ತೆರೆಯ ಮೇಲೆ ಅವರು ಬಾಯಿ ತೆರೆದರೆ ನಮಗೆ ಕೇಳುತ್ತಿದ್ದದ್ದು ಪಿ.ಬಿ. ಶ್ರೀನಿವಾಸ್ ಅಲ್ವಾ? ತಮಿಳಿನಲ್ಲೂ ಹಾಗೇ. ಶಿವಾಜಿಗೂ ಎಂಜಿಆರ್‌ಗೂ ಟಿ.ಎಂ. ಸೌಂದರರಾಜನ್. ಜೆಮಿನಿ ಗಣೇಶನ್ ಅವರಿಗೆ ನಮ್ಮ ಪಿಬಿಎಸ್. 1961ರ "ಪಾವ ಮನ್ನಿಪ್ಪು" ಚಿತ್ರದ "ಕಾಲಂಗಳಿಲ್ ಅವಳ್ ವಸಂತಂ" ಕೇಳಿ. ಆ ಮೆತ್ತಗಿನ ದನಿಗೆಂದೇ ರಾಗ ಹೊಲಿದ ಹಾಗಿದೆ. ಅಲ್ಲಿ ಎಂಎಸ್‌ವಿ ದನಿ ಕೂರುತ್ತಿರಲಿಲ್ಲ. ಅವರದ್ದು ಮೇಲೆ ಏರಿದಂತೆ ಬಿರಿಯುವ ಗಂಟಲು.

ಆ ಗಂಟಲಿಗೆ ಪಾಠ ಕಮ್ಮಿ ಇರಲಿಲ್ಲ. 1928ರಲ್ಲಿ ಪಾಲಕ್ಕಾಡ್ ಹತ್ತಿರದ ಎಲಪ್ಪುಳ್ಳಿಯಲ್ಲಿ ಹುಟ್ಟಿದ ಹುಡುಗ. ತಂದೆ ಬೇಗ ತೀರಿಕೊಂಡರು. ತಾತನ ಆಸರೆಯಲ್ಲಿ ಕಣ್ಣೂರಿನಲ್ಲಿ ಬೆಳೆದು, ನೀಲಕಂಠ ಭಾಗವತರ್ ಬಳಿ ಸಂಗೀತ ಕಲಿತರು. ನಟ ಆಗಬೇಕು ಅನ್ನೋದು ಆಸೆ. ಆದರೆ ಕೈಗೆ ಬಂದದ್ದು ಹಾರ್ಮೋನಿಯಂ. ಸಂಗೀತ ನಿರ್ದೇಶಕ ಸಿ.ಆರ್. ಸುಬ್ಬುರಾಮನ್ ಅವರ ತಂಡದಲ್ಲಿ ಇವರು ಹಾರ್ಮೋನಿಯಂ ನುಡಿಸಿದರೆ ಟಿ.ಕೆ. ರಾಮಮೂರ್ತಿ ಪಿಟೀಲು ನುಡಿಸುತ್ತಿದ್ದರು. 1952ರಲ್ಲಿ ಸುಬ್ಬುರಾಮನ್ ಇದ್ದಕ್ಕಿದ್ದಂತೆ ತೀರಿಕೊಂಡಾಗ, ಅರ್ಧಕ್ಕೆ ನಿಂತ ಅವರ ಕೆಲಸವನ್ನು ಇವರಿಬ್ಬರೂ ಸೇರಿ ಮುಗಿಸಿಕೊಟ್ಟರು. ಅದೇ ವರ್ಷ "ಪಣಂ" ಚಿತ್ರದಿಂದ ವಿಶ್ವನಾಥನ್-ರಾಮಮೂರ್ತಿ ಅನ್ನುವ ಜೋಡಿ ಹುಟ್ಟಿತು. 1965ರವರೆಗೆ ಜೊತೆಗಿದ್ದರು, ಆಮೇಲೆ ಬೇರೆಯಾದರು. ನಮ್ಮ ಜಿ.ಕೆ. ವೆಂಕಟೇಶ್ ಕೂಡ ಈ ಜೋಡಿಗೆ ಸಹಾಯಕರಾಗಿ ದುಡಿದವರು.

ಹಾಗಾದರೆ ಎಂಎಸ್‌ವಿ ಹಾಡಿದ್ದೆಲ್ಲಿ? ನಿಜ ಹೇಳಬೇಕೆಂದರೆ ದಿನವೂ ಹಾಡುತ್ತಿದ್ದರು, ರಾಗ ಕೂರಿಸುವ ಕೋಣೆಯಲ್ಲಿ. ಹಾರ್ಮೋನಿಯಂ ಮುಂದಿಟ್ಟುಕೊಂಡು ಮಾತಿಲ್ಲದೆ ಬರೀ ತನನ ಅಂತ ರಾಗ ಹಾಡುತ್ತಾ ಹೋಗುವುದು, ಪಕ್ಕದಲ್ಲಿ ಕವಿ ಕಣ್ಣದಾಸನ್ ಅದಕ್ಕೆ ಮಾತು ಕೂರಿಸುವುದು. ಆಮೇಲೆ ಗಾಯಕರಿಗೆ ಪ್ರತಿ ಸಾಲನ್ನೂ ಹಾಡಿ ತೋರಿಸುವುದು. ಒಂದೇ ಸಾಲನ್ನು ಬೇರೆ ಬೇರೆ ಥರ. ಅವರು ತೋರಿಸಿದ್ದಷ್ಟನ್ನೂ ಮೈಕ್ ಮುಂದೆ ತರುವುದು ಕಷ್ಟ ಅಂತ ಅವರ ಗಾಯಕರೇ ಹೇಳುತ್ತಿದ್ದರು. ನಾವು ಟಿಎಂಎಸ್, ಸುಶೀಲ, ಎಸ್‌ಪಿಬಿ ಅಂತ ಕೇಳುವ ಎಷ್ಟೋ ಹಾಡುಗಳ ಮೊದಲ ಗಾಯಕ ಅವರೇ. ರೆಕಾರ್ಡ್ ಆಗಲಿಲ್ಲ, ಅಷ್ಟೇ.

ಮೈಕ್ ಮುಂದೆ ಬಂದದ್ದು ಆ ದನಿಯೇ ಬೇಕು ಅನ್ನಿಸಿದಾಗ ಮಾತ್ರ. 1971ರ "ಮುಹಮ್ಮದ್ ಬಿನ್ ತುಘಲಕ್" ಚಿತ್ರದ "ಅಲ್ಲಾ ಅಲ್ಲಾ" ಒಂದು. ಮಲಯಾಳದಲ್ಲಿ 1973ರ "ಪಣಿತೀರಾತ್ತ ವೀಡ್" ಚಿತ್ರಕ್ಕೆ ಹಾಡಿದ "ಕಣ್ಣುನೀರ್ ತುಳ್ಳಿಯೇ" ಇನ್ನೊಂದು. ಕಣ್ಣೀರ ಹನಿಯನ್ನು ಹೆಣ್ಣಿಗೆ ಹೋಲಿಸಿದ ಕವಿಕಲ್ಪನೆಯನ್ನು ಅಭಿನಂದಿಸುವ ಹಾಡು ಅದು. ಅದೇ ವರ್ಷದ್ದು ನೀವು ಕೇಳಿದ "ಸೊಲ್ಲತ್ತಾನ್ ನಿನೈಕ್ಕಿರೇನ್", ನಿರ್ದೇಶಕ ಕೆ. ಬಾಲಚಂದರ್ ಚಿತ್ರದ್ದು. ಜೊತೆಗೆ ಎಸ್. ಜಾನಕಿ ಇದ್ದಾರೆ. ಹೇಳಬೇಕು ಅಂದುಕೊಂಡದ್ದನ್ನು ಹೇಳಲಾಗದೆ ಒದ್ದಾಡುವವರ ಹಾಡಿಗೆ ತುಂಬಾ ನುಣುಪಾದ ಗಂಟಲು ಬಂದಿದ್ದರೆ ಸುಳ್ಳಾಗುತ್ತಿತ್ತು. ಈ ದನಿಯ ಬಿರುಕೇ ಅಲ್ಲಿ ಅರ್ಧ ಸಾಹಿತ್ಯ. ಸುಮ್ನೆ ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ.

ಬಾಲಚಂದರ್ ಅವರ ಜೊತೆ ಎಂಎಸ್‌ವಿ ಕನ್ನಡದಲ್ಲೂ ಕೆಲಸ ಮಾಡಿದರು. "ಬೆಂಕಿಯಲ್ಲಿ ಅರಳಿದ ಹೂವು" (1983), "ಎರಡು ರೇಖೆಗಳು" (1984) ಎರಡಕ್ಕೂ ಅವರದ್ದೇ ಸಂಗೀತ.

ನನಗೆ ಜಾಸ್ತಿ ಇಷ್ಟವಾಗುವುದು ಆಮೇಲಿನ ಕಥೆ. ಒಂದು ಕಾಲದಲ್ಲಿ ಇವರ ವಾದ್ಯಗಾರರ ನಡುವೆ ಕೂತು ಕೀಬೋರ್ಡ್ ನುಡಿಸಿದ್ದ ಹುಡುಗ ಎ.ಆರ್. ರೆಹಮಾನ್, ತಾನು ದೊಡ್ಡವನಾದ ಮೇಲೆ ಹಳೇ ಗುರುವನ್ನು ಗಾಯಕನಾಗಿ ಕರೆದರು. 1999ರಲ್ಲಿ "ಸಂಗಮಂ". ಆಮೇಲೆ 2002ರ "ಕನ್ನತ್ತಿಲ್ ಮುತ್ತಮಿಟ್ಟಾಲ್", ಅದರಲ್ಲಿ "ವಿಡೈ ಕೊಡು ಎಂಗಳ್ ನಾಡೇ". ಶ್ರೀಲಂಕಾದ ಯುದ್ಧದಲ್ಲಿ ಮನೆ, ಊರು ಬಿಟ್ಟು ಹೊರಟ ತಮಿಳರು ತಮ್ಮ ನೆಲದ ಹತ್ತಿರ ಅಪ್ಪಣೆ ಕೇಳುವ ಹಾಡು. ಎಂಎಸ್‌ವಿಗೆ ಆಗ 70 ದಾಟಿತ್ತು. ಜೊತೆಗೆ ಬೇರೆ ದನಿಗಳೂ ಇವೆ, ಆದರೆ ಆ ಮುದುಕನ ಗಂಟಲು ಮೇಲಕ್ಕೇರಿ ಬಿರಿಯುವ ಜಾಗ ಬಂದಾಗ ಮಿಕ್ಕದ್ದೆಲ್ಲ ಹಿಂದೆ ಸರಿದು ನಿಲ್ಲುತ್ತದೆ.