ಆರ್ಕಿಡ್ ಬಾಟಲಿಗೆ ಇಳಿದ ಕತೆ

ಮಲೆನಾಡಿನವರಿಗೆ ಸೀತಾಳೆ ದಂಡೆ ಗೊತ್ತಿರುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ಜಡೆಯ ಹಾಗೆ ಇಳಿಬೀಳುವ ಹೂಗೊಂಚಲು. ಅದೂ ಆರ್ಕಿಡ್ಡೇ. ಆರ್ಕಿಡ್‌ನ ಒಂದು ಕಾಯಿ ಒಡೆದರೆ ಲಕ್ಷಗಟ್ಟಲೆ ಬೀಜ ಹಾರಬಹುದು, ಸುಮ್ನೆ ಧೂಳಿನಂತೆ. ಆದರೆ ಕುಂಡಕ್ಕೆ ಉದುರಿಸಿ ಕಾದರೆ ಮೊಳಕೆ ಬರುವುದೇ ಅಪರೂಪ.

ಕಾರಣ, ಬೀಜದೊಳಗೆ ಬುತ್ತಿ ಇಲ್ಲ. ರಾಗಿಕಾಳಿನಲ್ಲಿ ಇರುವಷ್ಟೂ ಇಲ್ಲ. ಕಾಡಿನಲ್ಲಿ ಬೂಷ್ಟಿನ ಬಳಗದ ಶಿಲೀಂಧ್ರವೊಂದು ಒಳಹೊಕ್ಕು ಅದಕ್ಕೆ ಉಣಿಸಬೇಕು. ಇದನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನುಡ್ಸನ್, ಶಿಲೀಂಧ್ರ ಬೇಡ, ಸಕ್ಕರೆ ಸಾಕು ಎಂದು ತೋರಿಸಿದರು. ಬಾಟಲಿಯೊಳಗೆ ಸಕ್ಕರೆ, ಲವಣ ಬೆರೆಸಿದ ಅಗರ್ (ಕಡಲಪಾಚಿಯಿಂದ ತೆಗೆದ ಅಂಟು) ಜೆಲ್ಲಿಯ ಮೇಲೆ ಬೀಜ ಮೊಳೆತವು.

ಆದರೆ ಬೀಜದ ಮಗು ತಾಯಿಯಂತೆಯೇ ಇರುತ್ತದೆ ಎಂಬ ಖಾತ್ರಿ ಇಲ್ಲವಲ್ಲ! ಚೆಂದದ ಮಿಶ್ರತಳಿಯೊಂದು ಸಿಕ್ಕರೆ ಬುಡ ಸೀಳಿಯೇ ಹೆಚ್ಚಿಸಬೇಕಿತ್ತು. ವರ್ಷಗಟ್ಟಲೆ ಕಾದರೂ ಬೆರಳೆಣಿಕೆಯ ಗಿಡ. ಹಾಗಾಗಿ ಬೆಲೆಯೂ ಸಿರಿವಂತರಿಗಷ್ಟೇ.

ಗಂಟು ಬಿಚ್ಚಿದ್ದು ರೋಗದ ದೆಸೆಯಿಂದ. ವೈರಸ್ ತಗುಲಿದ ಗಿಡದಲ್ಲೂ ಕುಡಿಯ ತುತ್ತತುದಿಗೆ ಅದು ಅಷ್ಟಾಗಿ ತಲುಪಿರುವುದಿಲ್ಲ. ಆ ಚುಕ್ಕೆಯಷ್ಟು ತುದಿಯನ್ನು ಕತ್ತರಿಸಿ ಬೆಳೆಸಿ, ಫ್ರಾನ್ಸಿನ ಜಾರ್ಜ್ ಮೊರೆಲ್ ಮತ್ತು ಮಾರ್ಟಿನ್ 1952ರಲ್ಲಿ ಡೇಲಿಯಾವನ್ನು ವೈರಸ್‌ನಿಂದ ಬಿಡಿಸಿದ್ದರು. 1960ರ ಹೊತ್ತಿಗೆ ಮೊರೆಲ್ ಅದನ್ನೇ ಸಿಂಬಿಡಿಯಂ ಆರ್ಕಿಡ್‌ಗೂ ಮಾಡಿದರು. ಬೇಕಿದ್ದದ್ದು ರೋಗವಿಲ್ಲದ ಗಿಡ. ಬಂದದ್ದು ಪುಟ್ಟ ಹಸಿರು ಗುಂಡು. ಅದನ್ನು ತುಂಡು ಮಾಡಿದರೆ ತುಂಡಿನಿಂದ ಮತ್ತೆ ಗುಂಡುಗಳು, ಬಿಟ್ಟರೆ ಪ್ರತಿಯೊಂದೂ ಗಿಡ. ಮದ್ದು ಹುಡುಕಲು ಹೋದವರ ಕೈಗೆ ನರ್ಸರಿಯೇ ಸಿಕ್ಕಿತು ಅಲ್ವಾ?

1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಅಂಗಾಂಶಕ್ಕೆಂದು ಹೊಂದಿಸಿದ ಪೋಷಕಾಂಶಗಳ ಪಾಕ ಉಳಿದ ಗಿಡಗಳಿಗೂ ದಾರಿಯಾಯಿತು. ಎಂಎಸ್ ಎಂದೇ ಲ್ಯಾಬುಗಳಲ್ಲಿ ಅದರ ಹೆಸರು. ಹೀಗೆ ಗಿಡದ ತುಣುಕನ್ನು ಬಾಟಲಿಯಲ್ಲಿ ಬೆಳೆಸುವುದೇ ಟಿಶ್ಯೂ ಕಲ್ಚರ್. ಬೆಂಗಳೂರು ಸುತ್ತಿನ ಪಾಲಿಹೌಸ್‌ಗಳ ಜರ್ಬೆರಾ ಹೂವಿಗೂ ಟಿಶ್ಯೂ ಕಲ್ಚರ್ ಸಸಿಯೇ ರೂಢಿ. ಆರ್ಕಿಡ್ ಪಾಕಕ್ಕೆ ಎಳನೀರು, ಬಾಳೆಹಣ್ಣಿನ ತಿರುಳು ಸೇರಿಸುವುದೂ ಉಂಟು. ಇಷ್ಟೆಲ್ಲ ವಿಜ್ಞಾನದ ನಡುವೆ ಎಳನೀರು ಬಂದು ಕೂತಿರುವುದು ನನಗಂತೂ ಬಲು ಖುಷಿ.

ಆದರೆ ಇಷ್ಟು ಸಿಹಿ ಇದ್ದ ಕಡೆ ಬೂಷ್ಟು ಬಿಟ್ಟೀತೇ? ಅದಕ್ಕೇ ಪಾಕವನ್ನು 121 ಡಿಗ್ರಿಯಲ್ಲಿ ಬೇಯಿಸುತ್ತಾರೆ, ಸೋಸಿದ ಗಾಳಿಯೆದುರು ಕೂತು ಕತ್ತರಿಸುತ್ತಾರೆ. ಒಂದು ಕಣ ಒಳಹೊಕ್ಕರೂ ಸಾಮಾನ್ಯವಾಗಿ ಆ ಬಾಟಲಿ ಕಸಕ್ಕೆ. ಹೊರಬಂದ ಸಸಿಯೂ ನಾಜೂಕು. ಎಲೆಗೆ ಮೇಣದ ಹೊದಿಕೆ ಸರಿಯಾಗಿ ಕೂತಿರುವುದಿಲ್ಲ, ಒಣಗಾಳಿಗೆ ಬೇಗ ಬಾಡುತ್ತದೆ. ನೆರಳಿನಲ್ಲಿಟ್ಟು, ಮಂಜಿನಂತೆ ನೀರು ಚಿಮುಕಿಸಿ ವಾರಗಟ್ಟಲೆ ಸಾಕಬೇಕು. ಅದಕ್ಕೂ ಮೊದಲು ಬೇರಿಗಂಟಿದ ಜೆಲ್ಲಿಯನ್ನು ಚೆನ್ನಾಗಿ ತೊಳೆಯಬೇಕು. ಚೂರು ಸಕ್ಕರೆ ಉಳಿದರೂ ಬೂಷ್ಟು ಮತ್ತೆ ಹಾಜರ್.