ಹಸಿಮೀನು: ಕೆಡುವ ಬಗೆ, ಕಾಪಾಡುವ ಬಗೆ

ಮೀನು ಮೂರು ದಾರಿಯಲ್ಲಿ ಕೆಡುತ್ತದೆ. ಹೊಟ್ಟೆಯ ಜೀರ್ಣರಸದ ಕಿಣ್ವಗಳು ಮೀನು ಸತ್ತ ಮೇಲೂ ಕೆಲಸ ನಿಲ್ಲಿಸುವುದಿಲ್ಲ. ಬೂತಾಯಿ (ಸಾರ್ಡೀನ್) ಮೀನಿನ ಹೊಟ್ಟೆ ಅಷ್ಟು ಬೇಗ ಒಡೆಯುವುದು ಇದರಿಂದಲೇ. ಕಿವಿರು, ಚರ್ಮ, ಕರುಳಿನಲ್ಲಿದ್ದ ಬ್ಯಾಕ್ಟೀರಿಯಾ ಮಾಂಸಕ್ಕೆ ಇಳಿಯುತ್ತದೆ. ಇನ್ನು ಮೀನೆಣ್ಣೆ ಗಾಳಿ ತಾಗಿ ಕಮಟು ಹಿಡಿಯುತ್ತದೆ. ಮೊದಲಿನ ಎರಡಕ್ಕೂ ಮದ್ದು ಒಂದೇ: ಸೊನ್ನೆ ಡಿಗ್ರಿಯ ಆಸುಪಾಸಿನ ತಂಪು, ಅದೂ ಬೋಟಿನಿಂದ ಅಡುಗೆಮನೆಯವರೆಗೆ ಎಲ್ಲೂ ತಪ್ಪದಂತೆ.

ಐಸಿನ ಲೆಕ್ಕ ಬಿಡಿಸಿ ನೋಡಿ. ಒಂದು ಕಿಲೋ ಮೀನನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 24 ಕಿಲೋಕ್ಯಾಲರಿ ಶಾಖ ತೆಗೆಯಬೇಕು. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲರಿ ಹೀರುತ್ತದೆ. ಅಂದರೆ ತಂಪು ಮಾಡಲಿಕ್ಕೇ 300 ಗ್ರಾಂ ಐಸ್ ಮುಗಿಯಿತು. ಮಲ್ಪೆ ಬಂದರಿನಿಂದಲೋ ಮಂಗಳೂರು ಧಕ್ಕೆಯಿಂದಲೋ ಹೊರಟ ಪೆಟ್ಟಿಗೆಗೆ ಹೊರಗಿನ ಬಿಸಿ ನುಗ್ಗುತ್ತಲೇ ಇರುತ್ತದೆ, ಹಾಗಾಗಿ ನಮ್ಮ ಕರಾವಳಿಯ ಸೆಕೆಗೆ ಮೀನಿನಷ್ಟೇ ತೂಕದ ಐಸ್ ಬೇಕು. ಪುಡಿ ಐಸೇ ಆಗಲಿ. ದಪ್ಪ ತುಂಡು ಮೀನಿನ ಮೈ ಜಜ್ಜುತ್ತದೆ, ನಡುವೆ ಸಂದು ಬಿಡುತ್ತದೆ. ಪೆಟ್ಟಿಗೆಯಡಿ ತೂತಿರಲಿ. ರಕ್ತ ಬೆರೆತ ಐಸ್‌ನೀರಿನಲ್ಲೇ ಮೀನು ಮುಳುಗಿದ್ದರೆ ಕೆಡುವುದು ಬೇಗ.

ಕೊಳ್ಳುವಾಗ ಮೊದಲು ಕಿವಿರಿನ ಮುಚ್ಚಳ ಎತ್ತಿ ನೋಡಿ. ತಾಜಾ ಬಂಗುಡೆಯ ಕಿವಿರು ಕೆಂಪಗಿರುತ್ತದೆ, ಲೋಳೆ ತಿಳಿಯಾಗಿರುತ್ತದೆ, ವಾಸನೆ ಕಡಲಿನದು. ಹಳತಾದಂತೆ ಬಣ್ಣ ಕಂದಾಗಿ, ಆಮೇಲೆ ಬೂದಾಗಿ, ಲೋಳೆ ಮಂದವಾಗಿ ಹುಳಿವಾಸನೆ ಏಳುತ್ತದೆ. ಕಣ್ಣನ್ನೊಂದೇ ನಂಬಬೇಡಿ: ಐಸ್ ತಾಗಿ ಒಳ್ಳೆಯ ಮೀನಿನ ಕಣ್ಣೂ ಮಬ್ಬಾಗಬಹುದು. ಕಣ್ಣು ಗುಳಿಬಿದ್ದಿದ್ದರೆ ಮಾತ್ರ ಬಿಟ್ಟುಬಿಡಿ. ಬೆನ್ನ ಮೇಲೆ ಬೆರಳೊತ್ತಿದ ಗುಂಡಿ ಕೂಡಲೇ ಮೇಲೇಳಬೇಕು. ಸೀಳಿದಾಗ ಪಕ್ಕೆಮುಳ್ಳು ಮಾಂಸ ಬಿಟ್ಟು ಎದ್ದಿದ್ದರೆ ಮೀನು ಹಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ; ಆಗ ದೂರದಿಂದ ಬಂದ ಐಸ್‌ಮೀನು ಹೆಚ್ಚಿರುವುದರಿಂದ ಇನ್ನಷ್ಟು ಬಿಗಿಯಾಗಿ ನೋಡಿ.

ಎಲ್ಲ ಲಕ್ಷಣ ಸರಿಯಿದ್ದರೂ ಬಂಗುಡೆ, ಬೂತಾಯಿ, ಕೇದರ್ (ಟ್ಯೂನ) ಮೀನುಗಳಲ್ಲಿ ಒಂದು ಅಪಾಯ ಉಳಿಯುತ್ತದೆ. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಬೆಚ್ಚಗೆ ಬಿದ್ದಿದ್ದರೆ ಕೆಲವು ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ದುರ್ವಾಸನೆ ಏಳುವ ಮೊದಲೇ ಇದು ತುಂಬಿರಬಹುದು. ತೊಳೆದರೂ, ಕುದಿಸಿದರೂ, ಫ್ರೀಜರಿನಲ್ಲಿಟ್ಟರೂ ಹೋಗದು. ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರಿ ಉರಿ, ತುರಿಕೆ, ತಲೆನೋವು ಬರುತ್ತದೆ. ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಂಥ ಮೀನು ನಾಲಗೆಗೆ ಚುರುಗುಟ್ಟುವುದುಂಟು, ಆದರೆ ನಮ್ಮ ಪುಳಿಮುಂಚಿ ಗಸಿಯ ಹುಳಿಖಾರದಲ್ಲಿ ಅದು ಗೊತ್ತಾಗುವುದೇ ಇಲ್ಲ. ಆದ್ದರಿಂದ ಹೊರಗಿಟ್ಟ ಸಮಯವನ್ನೇ ಲೆಕ್ಕ ಹಿಡಿಯಬೇಕು: ಐಸಿಲ್ಲದೆ ಒಟ್ಟು ಎರಡು ಗಂಟೆ ಮೀರಬಾರದು, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ.

ಮನೆಗೆ ತಂದ ಕೂಡಲೇ ಕಿವಿರು, ಕರುಳು ತೆಗೆದು ತೊಳೆಯಿರಿ. ತೂತಿನ ಪಾತ್ರೆಯಲ್ಲಿ ಐಸಿನೊಂದಿಗಿಟ್ಟು, ಅಡಿಗೊಂದು ಬೋಗುಣಿ ಕೊಟ್ಟು ಫ್ರಿಜ್ಜಿನಲ್ಲಿಡಿ. ಒಂದೆರಡು ದಿನದಲ್ಲಿ ಮುಗಿಸಿ. ಉಪ್ಪು, ಅರಿಶಿನ ಹಚ್ಚಿದ್ದೇವೆಂದು ಹೊರಗೆ ಬಿಡಬೇಡಿ. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದ್ದರೆ ಎಣ್ಣೆಯಂಶದ ಬಂಗುಡೆ, ಬೂತಾಯಿ ಎರಡು ಮೂರು ತಿಂಗಳು ರುಚಿ ಉಳಿಸಿಕೊಳ್ಳುತ್ತವೆ, ಎಣ್ಣೆ ಕಡಿಮೆಯಿರುವ ಕಾಣೆ ಮೀನು ಇನ್ನೂ ಹೆಚ್ಚು ಕಾಲ. ಕರಗಿಸುವುದು ಫ್ರಿಜ್ಜಿನ ಕೆಳಹಲಗೆಯಲ್ಲಿ, ರಾತ್ರಿಯಿಡೀ. ಗಾಳಿ ತೆಗೆದು ಮುಚ್ಚಿದ ಪೊಟ್ಟಣವಾದರೆ ಕರಗಿಸುವ ಮೊದಲೇ ಕತ್ತರಿಸಿ ತೆರೆಯಿರಿ. ಬೊಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾ ಗಾಳಿಯಿಲ್ಲದೆಡೆಯಲ್ಲೇ ಬೆಳೆಯುತ್ತದೆ, ಅದರ ಕೆಲವು ತಳಿಗಳಿಗೆ ಫ್ರಿಜ್ಜಿನ ತಂಪೂ ಅಡ್ಡಿಯಲ್ಲ.