ಚಿತ್ತಾರಕ್ಕಿಂತ ಮೊದಲು ಎಳೆ ಎಣಿಸಿ

ಡಿಸೈನ್ ಕಲಿಯಲು ಬರುವ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಒಂದೇ: "ಸರ್, ಐಡಿಯಾ ಎಲ್ಲಿಂದ ತರ್ತೀರಿ?" ಅವರ ಫೋನಿನಲ್ಲಿ ಚಂದದ ಚಿತ್ರಗಳ ದೊಡ್ಡ ರಾಶಿಯೇ ಇರುತ್ತದೆ. ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ರೂಪ ಯಾಕೆ ಹಾಗಾಯಿತು ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯದೆ ಎತ್ತಿಕೊಂಡರೆ ಕೈಗೆ ಬರುವುದು ಸಿಪ್ಪೆ ಮಾತ್ರ. ಹುಬ್ಬಳ್ಳಿಯಲ್ಲಿ ಕೂತು ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಅಂಗಡಿ ಬೋರ್ಡು, ಮಸಾಲೆ ಪಾಕೀಟು ಮಾಡುವ ನನಗೆ ಇದನ್ನು ಕಲಿಸಿದ್ದು ಧಾರವಾಡದ ಕಸೂತಿ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ರೂಢಿ ಇಲ್ಲ. ನಾನು ಗೆರೆ ಹಾಕಲು ಹೊರಟಾಗ ಕಲಿಸುತ್ತಿದ್ದ ಅಜ್ಜಿ, "ಪೆನ್ಸಿಲ್ ಇಡಪಾ, ಎಳಿ ಎಣಸು" ಅಂದಿದ್ದರು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಹೊಲಿಗೆಗಳಿವೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ಅದೇ ದಾರಿಯಲ್ಲಿ ಹಿಂದೆ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಮುರಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಗಂಟು ಹಾಕುವಂತಿಲ್ಲ. ಈ ಎರಡೂ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು.

ಕಸೂತಿಯ ಚೆಲುವೆಲ್ಲ ಈ ಕಟ್ಟುಪಾಡಿನಿಂದಲೇ ಹುಟ್ಟಿದ್ದು. ಎಳೆ ಎಣಿಸಿ ಹಾಕುವ ಹೊಲಿಗೆಗೆ ಅಡ್ಡ, ಉದ್ದ, ಓರೆ ಬಿಟ್ಟರೆ ಬೇರೆ ದಿಕ್ಕಿಲ್ಲ. ಹೀಗಾಗಿ ನವಿಲಿನ ಕತ್ತು, ಆನೆಯ ಸೊಂಡಿಲು ದುಂಡಗೆ ಬಾಗುವುದಿಲ್ಲ, ಮೆಟ್ಟಿಲಿನಂತೆ ಇಳಿಯುತ್ತವೆ. ಸೂಜಿ ಹೊರಟಲ್ಲಿಗೇ ವಾಪಸ್ ಬರಬೇಕು, ಆದ್ದರಿಂದ ಗೆರೆ ನಡುವೆ ತುಂಡಾಗುವಂತಿಲ್ಲ. ಗೋಪುರ, ತೇರು, ತುಳಸಿಕಟ್ಟೆ, ಯಾವುದನ್ನೇ ನೋಡಿ, ಒಂದು ಭಾಗ ಇನ್ನೊಂದನ್ನು ಹಿಡಿದುಕೊಂಡೇ ನಿಂತಿರುತ್ತದೆ. ಹಳೆಯ ಚಂದ್ರಕಾಳಿ ಸೀರೆ ಸಿಕ್ಕರೆ ಸೆರಗು ತಿರುವಿ ನೋಡಿ. ಕಪ್ಪು ಬಟ್ಟೆಯ ಮೇಲೆ ಗೆರೆ ಎಷ್ಟು ಖಚಿತವಾಗಿ ನಡೆದಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಈಗ ಲಗ್ನಪತ್ರಿಕೆಗಳಲ್ಲಿ ಆಗುತ್ತಿರುವುದೇನು? ಕಸೂತಿ ಗೋಪುರವನ್ನು ಸ್ಕ್ಯಾನ್ ಮಾಡಿ, ಅದಕ್ಕೆ ಬಂಗಾರದ ಬಣ್ಣ ತುಂಬಿ, ನಾಲ್ಕು ಮೂಲೆಗೆ ಅಂಟಿಸುತ್ತಾರೆ. ಅದನ್ನು ಪ್ರೇರಣೆ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಚಿತ್ತಾರವನ್ನು ಬಿಟ್ಟು ನಿಯಮವನ್ನು ತೆಗೆದುಕೊಳ್ಳುತ್ತೇನೆ. ಚೌಕಳಿ ಹಾಳೆ, ಅಡ್ಡ ಉದ್ದ ಓರೆ ಗೆರೆ ಮಾತ್ರ, ಎಲ್ಲೂ ತುಂಡಾಗಬಾರದು. ಒಂದು ಮಸಾಲೆ ಪಾಕೀಟಿಗೆ ಹೀಗೇ ಮೆಣಸಿನಕಾಯಿಯ ಗುರುತು ಬರೆದೆ. ಹಳೆಯ ಕಸೂತಿಯಲ್ಲಿ ನಾನು ಅಂಥ ಮೆಣಸಿನಕಾಯಿ ನೋಡಿಲ್ಲ. ಆದರೂ ನೋಡಿದವರು "ಇದು ನಮ್ಮ ಕಡೆದು" ಅಂದರು. ಉಗುರಿನಷ್ಟು ಚಿಕ್ಕದು ಮಾಡಿದರೂ ರಬ್ಬರ್ ಸ್ಟಾಂಪಿನಲ್ಲಿ ಒತ್ತಿದರೂ ಅದು ಕೆಡಲಿಲ್ಲ. ಎಳೆಯ ಲೆಕ್ಕದಲ್ಲಿ ಹುಟ್ಟಿದ ರೂಪಕ್ಕೆ ಮೊಬೈಲ್ ಪರದೆಯ ಪಿಕ್ಸೆಲ್ ಲೆಕ್ಕ ಹೊಸದೇನಲ್ಲ.

ಎರಡೂ ಮೈ ಒಂದೇ ಥರ ಕಾಣಬೇಕು ಅನ್ನುವ ಶಿಸ್ತು ನಮ್ಮ ಊರಿನ ಇನ್ನೊಂದು ಕೆಲಸದಲ್ಲೂ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಉದ್ದ ಅಗಲ 3:2, ಚಕ್ರದಲ್ಲಿ 24 ಅರ. ಚಕ್ರವನ್ನು ಬಟ್ಟೆಯ ಎರಡೂ ಕಡೆ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಅಚ್ಚು ಹಾಕಬೇಕು. ಗಾಳಿಯಲ್ಲಿ ಹಾರುವ ವಸ್ತುವಿಗೆ ಹಿಂಬದಿ ಅಂತ ಇಲ್ಲವಲ್ಲ! ಲೋಗೋ ಮಾಡುವವರು ಕಲಿಯಬೇಕಾದ ಪಾಠ ಇಲ್ಲೂ ಇದೆ. ನೋಡುವವರು ಎಲ್ಲಿ ನಿಂತಿರುತ್ತಾರೆ ಅನ್ನುವುದರಿಂದಲೇ ಕೆಲಸ ಶುರುವಾಗಬೇಕು.

ಗದಗದ ಹತ್ತಿರದ ಲಕ್ಕುಂಡಿಗೆ ನಾನು ಆಗಾಗ ಹೋಗುತ್ತೇನೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ, ಕಾಶಿ ವಿಶ್ವನಾಥ ಗುಡಿ ಇದೆ. ಬಾದಾಮಿ, ಐಹೊಳೆಯ ಹಳೆಯ ಚಾಲುಕ್ಯರ ಗುಡಿಗಳು ಮರಳುಗಲ್ಲಿನವು. ಇಲ್ಲಿನ ಕಲ್ಲು ಬೇರೆ, ಬಳಪದ ಕಲ್ಲು. ಮೆತ್ತಗಿರುವುದರಿಂದ ಸಣ್ಣ ಉಳಿಗೂ ಮಣಿಯುತ್ತದೆ, ಕಂಬವನ್ನು ತಿರುಗಿಸಿ ಕಡೆಯಲೂ ಬರುತ್ತದೆ. ಕಂಬದ ಸುತ್ತ ಬಳೆಗಳಂಥ ಹರಿತವಾದ ಅಂಚುಗಳು, ಬಾಗಿಲವಾಡದ ಮೇಲೆ ಬೆರಳ ತುದಿಯಷ್ಟು ಬಳ್ಳಿಗಳು. ಕಲ್ಲು ಬದಲಾದ ಮೇಲೆ ಕೈಯೂ ಬದಲಾಯಿತು, ಶೈಲಿಯೂ ಬದಲಾಯಿತು. ಫೋಟೋ ತೆಗೆದು ಬರುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಒಂದೇ ಕಂಬದ ಮುಂದೆ ಕೂತು ಬರೆಯಿರಿ, ನೆರಳು ಎಲ್ಲಿ ಬೀಳುತ್ತದೆ ನೋಡಿ. ಒಂದು ಡಬ್ಬಿಯ ಮುಚ್ಚಳಕ್ಕೋ ಬಾಟಲಿಗೋ ಆಕಾರ ಕೊಡುವಾಗ ಆ ನೆರಳು ನೆನಪಾಗುತ್ತದೆ, ಬಳ್ಳಿ ನೆನಪಾಗುವುದು ಆಮೇಲೆ.

ಅಕ್ಷರದ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಖಾನಾವಳಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಚಪ್ಪಟೆ ಬ್ರಷ್ಷಿನಿಂದ ಬರೆಯುತ್ತಿದ್ದರು. ಅಕ್ಷರದ ದಪ್ಪ, ತೆಳು ಆ ಬ್ರಷ್ಷು ತಿರುಗಿದ ಹಾಗೆ ಬರುತ್ತಿತ್ತು. ದೂರದಿಂದ ಓದಲಿ ಅಂತ ಒಂದು ಪಕ್ಕಕ್ಕೆ ನೆರಳಿನ ಬಣ್ಣ. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ಹೋಯಿತು, ಜಾಗ ಎಷ್ಟಿದ್ದರೂ ತುಂಬುವ ಅಭ್ಯಾಸ ಬಂತು. "ಅಕ್ಷರ ಇನ್ನೂ ದೊಡ್ಡದು ಮಾಡ್ರಿ" ಅಂತ ಗಿರಾಕಿ ಹೇಳಿದರೆ ಅವರ ತಪ್ಪೇನಿಲ್ಲ, ಬೋರ್ಡು ಓದಲು ಆಗುತ್ತಿಲ್ಲ ಅಂತಲೇ ಅವರು ಹೇಳುತ್ತಿರುವುದು. ಬಹಳ ಸಲ ಅಕ್ಷರ ಹಿಗ್ಗಿಸುವ ಬದಲು ಸುತ್ತಲಿನದನ್ನು ತೆಗೆದರೆ ಸಾಕಾಗುತ್ತದೆ.

ಕನ್ನಡಕ್ಕೆ ಅದರದ್ದೇ ಲೆಕ್ಕ ಇದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಸಾಲುಗಳ ನಡುವೆ ಬಿಟ್ಟರೆ ಮೇಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ ನಾನು ಅಕ್ಷರದ ಅಳತೆಯ ಸುಮಾರು ಒಂದೂವರೆ ಪಟ್ಟು ಬಿಡುತ್ತೇನೆ. ಫೋಟೋಶಾಪ್, ಇಲಸ್ಟ್ರೇಟರ್‌ನಲ್ಲಿ ಯುನಿಕೋಡ್ ಕನ್ನಡ ಹಾಕುವಾಗ ಒತ್ತು ಒಡೆದು ಕಂಡರೆ ಫಾಂಟನ್ನು ಬೈಯಬೇಡಿ. ಮೊದಲು ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಆನ್ ಆಗಿದೆಯಾ ನೋಡಿ. ಚಿಕ್ಕ ಅಕ್ಷರಗಳಿಗೆ ಬರೀ ಕಪ್ಪು ಇಂಕು ಕೊಡಿ. ನಾಲ್ಕು ಬಣ್ಣ ಸೇರಿಸಿ ಕಪ್ಪು ಮಾಡಿದರೆ ಒಂದು ಬಣ್ಣದ ಅಚ್ಚಿನ ಪ್ಲೇಟು ಕೂದಲೆಳೆ ಸರಿದರೂ ಒತ್ತಕ್ಷರ ಮಸುಕಾಗುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಲ್ಲರಿಗೂ ಬೇಕು. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಕಾಯಿ ಅದು. ಆದರೆ ಪರದೆಯ ಮೇಲೆ ಹೊಳೆಯುವ ಕೆಂಪು ನಯವಿಲ್ಲದ ಕಾಗದ ಇಂಕು ಹೀರಿದ ಮೇಲೆ ಮಂಕಾಗುತ್ತದೆ. ಅದೇ ಕಾಗದದ ಮೇಲೆ ಪ್ರೂಫ್ ತೆಗೆಸಿ, ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಬಣ್ಣ ಒಪ್ಪಿಕೊಳ್ಳಿ.

ಮತ್ತೆ ಕಸೂತಿಯ ಮಾತಿಗೆ ಬಂದರೆ, ಕಲಿತದ್ದಕ್ಕೆ ನಾವು ಕೊಡಬೇಕಾದದ್ದೂ ಇದೆ. ಕಸೂತಿಗೆ ಜಿಐ, ಅಂದರೆ ಇದು ಈ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೂ ಮಷೀನಿನಲ್ಲಿ ಅಚ್ಚಾದ ಬಟ್ಟೆಯನ್ನು "ಕಸೂತಿ" ಅಂತಲೇ ಮಾರುವುದು ನಿಂತಿಲ್ಲ. ಮನೆಯಲ್ಲಿ ಕೂತು ಕಣ್ಣು ಸವೆಸಿ ಹೊಲಿಯುವ ಹೆಣ್ಣುಮಕ್ಕಳಿಗೆ ಸಿಗುವ ಕೂಲಿಯನ್ನು ಅದು ಇನ್ನೂ ಕೆಳಗೆ ತಳ್ಳುತ್ತದೆ. ಹಾಗಾಗಿ ಅಚ್ಚಿನ ಬಟ್ಟೆಗೆ ಲೇಬಲ್ ಮಾಡಿಕೊಡುವಾಗ ನಾನು "ಕಸೂತಿ ಮಾದರಿಯ ಪ್ರಿಂಟ್" ಅಂತಲೇ ಬರೆಯುತ್ತೇನೆ. ಒಪ್ಪದ ಗಿರಾಕಿಗಳ ಕೆಲಸ ತೆಗೆದುಕೊಳ್ಳುವುದಿಲ್ಲ. ಹೊಸ ಚಿತ್ತಾರ ಬೇಕಾದಾಗ ಹೊಲಿಯುವವರನ್ನೇ ಕರೆದು ಜೊತೆಗೆ ಕೂರಿಸಿಕೊಳ್ಳುತ್ತೇನೆ. ಅವರ ದಿನದ ಕೂಲಿಯನ್ನು ಡಿಸೈನ್ ಬಿಲ್ಲಿನಲ್ಲಿ ಬೇರೆ ಸಾಲಾಗಿ ಹಾಕುತ್ತೇನೆ, ನನ್ನ ಫೀಸಿನೊಳಗೆ ಸೇರಿಸುವುದಿಲ್ಲ. ಯಾವ ಕೆಲಸಕ್ಕೆ ದುಡ್ಡು ಕೊಡುತ್ತಿದ್ದೇವೆ ಅನ್ನುವುದು ಗಿರಾಕಿಗೂ ಕಾಣಬೇಕಲ್ವಾ?